ಕರಿಕಲ್ಲಿನ ಪದರಗಳ ನಡುವೆ ಒಂದು ಬೇಟೆಮೀನು

ವಿಜಯಪುರದ ಗೋಳಗುಮ್ಮಟಕ್ಕೆ ಬಳಸಿದ ಕರಿಕಲ್ಲು ಒಂದು ಕಾಲಕ್ಕೆ ಕುದಿಯುತ್ತ ಹರಿದ ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು ಉಕ್ಕಿದ್ದು ಅದು. ಆರಿ ಕಲ್ಲಾಯಿತು, ಕಲ್ಲು ಸವೆದು ನಮ್ಮ ಎರೆಭೂಮಿಯಾಯಿತು. ಆದರೆ ಲಾವಾ ಒಮ್ಮೆಲೇ ಹರಿದು ಮುಗಿಯಲಿಲ್ಲ, ನಡುನಡುವೆ ದೀರ್ಘ ಬಿಡುವು ಸಿಗುತ್ತಿತ್ತು. ಆಗ ತಗ್ಗುಗಳಲ್ಲಿ ಮಳೆನೀರು ನಿಂತು ಕೆರೆಯಾಗುತ್ತಿತ್ತು. ಕಪ್ಪೆ, ಆಮೆ, ಬಸವನಹುಳು, ಮೀನು ಎಲ್ಲವೂ ಬಂದು ನೆಲೆಸುತ್ತಿದ್ದವು. ಮುಂದಿನ ಲಾವಾ ಬಂದು ಅವನ್ನೆಲ್ಲ ಮುಚ್ಚುತ್ತಿತ್ತು.

ಆ ಕಾಲದ ಸಿಹಿನೀರಿನಲ್ಲಿ ಗಾರ್ ಎಂಬ ಬೇಟೆಮೀನು ಇತ್ತು. ಮಹಾರಾಷ್ಟ್ರದ ಡೊಂಗರಗಾಂವದಲ್ಲಿ ಸಿಕ್ಕ ಪಳೆಯುಳಿಕೆ ನೋಡಿ 1908ರಲ್ಲಿ ಬ್ರಿಟನ್ನಿನ ಪಳೆಯುಳಿಕೆ ತಜ್ಞ ಆರ್ಥರ್ ಸ್ಮಿತ್ ವುಡ್‌ವರ್ಡ್ ಅದಕ್ಕೆ ಲೆಪಿಡೋಸ್ಟಿಯಸ್ ಇಂಡಿಕಸ್ ಎಂದು ಹೆಸರಿಟ್ಟರು. ಗಾರ್ ಜಾತಿಯ ಮೀನುಗಳು ಈಗಲೂ ಇವೆ, ಆದರೆ ಉತ್ತರ ಅಮೆರಿಕ, ಮಧ್ಯ ಅಮೆರಿಕ, ಕ್ಯೂಬಾಗಳಲ್ಲಿ ಮಾತ್ರ. ಉದ್ದ ಮೂತಿ, ಸೂಜಿಯಂಥ ಹಲ್ಲು. ನೀರಿನಲ್ಲಿ ಕದಲದೆ ನಿಂತು, ಹತ್ತಿರ ಬಂದ ಮೀನನ್ನು ತಲೆ ಪಕ್ಕಕ್ಕೆ ಬೀಸಿ ಕಚ್ಚುತ್ತವೆ.

ಪಳೆಯುಳಿಕೆಯಲ್ಲಿ ಹೆಚ್ಚಾಗಿ ಸಿಗುವುದು ಅಸ್ಥಿಪಂಜರವಲ್ಲ, ಹುರುಪೆ. ನನಗೆ ಅದೇ ಬೆರಗು. ಗಾರ್‌ನ ಹುರುಪೆ ವಜ್ರಾಕಾರದ ಎಲುಬಿನ ಬಿಲ್ಲೆ, ಮೇಲೆ ಹಲ್ಲಿನ ಹೊಳಪಿಗೆ ಹತ್ತಿರವಾದ ಗಟ್ಟಿ ಲೇಪ. ಒಂದರ ಅಂಚಿನ ಮೊಳೆ ಪಕ್ಕದ್ದರ ಕುಳಿಯಲ್ಲಿ ಕೂರುತ್ತದೆ. ಅಮೆರಿಕದ ಮೂಲನಿವಾಸಿಗಳು ಇದನ್ನೇ ಬಾಣದ ಮೊನೆಗೆ ಬಳಸುತ್ತಿದ್ದರು. ಇಷ್ಟು ಗಟ್ಟಿಯಿರುವುದರಿಂದಲೇ ಮೀನು ಕೊಳೆತು ಹೋದರೂ ಹುರುಪೆ ಉಳಿಯಿತು.

ಡೈನೋಸಾರ್‌ಗಳನ್ನು ಅಳಿಸಿದ ದುರಂತವನ್ನೂ ಈ ಕುಲ ದಾಟಿತು. ಅಮೆರಿಕದಲ್ಲಿ, ಆ ದುರಂತಕ್ಕೆ ಕಾರಣವಾದ ಕ್ಷುದ್ರಗ್ರಹ ಬಡಿದ ಕೆಲವೇ ಸಾವಿರ ವರ್ಷಗಳ ನಂತರದ ಪದರದಲ್ಲಿ ಸಿಕ್ಕ ದೊಡ್ಡ ಗಾರ್ ಮೀನಿನ ವಿವರ 2022ರಲ್ಲಿ ಪ್ರಕಟವಾಯಿತು. ಗಾರ್ ತನ್ನ ಈಜುಚೀಲದಿಂದ ಗಾಳಿಯನ್ನೂ ಉಸಿರಾಡಬಲ್ಲದು. ಆಮ್ಲಜನಕ ತೀರಿದ ನೀರಿನಲ್ಲೂ ಬದುಕುವ ಈ ಶಕ್ತಿ ಆಗ ನೆರವಾಗಿದ್ದೀತು. ಆದರೂ ಭಾರತದ ಗಾರ್‌ಗಳು ಮುಂದೆ ಅಳಿದವು. ಶ್ರೀನಗರದ ದಾಲ್ ಸರೋವರದಲ್ಲಿ 2023ರಲ್ಲಿ ಸಿಕ್ಕ ಅಲಿಗೇಟರ್ ಗಾರ್ ಅವುಗಳ ಸಂತತಿಯಲ್ಲ, ಹೊರಗಿನಿಂದ ಬಂದದ್ದು. ಅಕ್ವೇರಿಯಂನಲ್ಲಿ ಸಾಕಿದ ಇಂಥ ಮೀನನ್ನು ಕೆರೆಗೆ ಬಿಡುವುದು ಅಲ್ಲಿನ ಮೀನುಗಳಿಗೆ ಅಪಾಯ.

ನಮ್ಮ ಕಡೆ ಬಾವಿ ತೋಡುವಾಗ ಕರಿಕಲ್ಲಿನ ನಡುವೆ ಕೆಂಪು ಪದರ ಬಂದರೆ ಅದು ಸಾಮಾನ್ಯವಾಗಿ ಲಾವಾ ಶಾಖಕ್ಕೆ ಬೆಂದ ಹಳೆಯ ಮಣ್ಣು. ಬೂದು ಜೇಡಿಯೋ ಸುಣ್ಣಗಲ್ಲೋ ಬಂದರೆ ಕೆರೆಯ ತಳವಾಗಿರಬಹುದು, ಅದನ್ನು ರಾಶಿಗೆ ಎಸೆಯುವ ಮೊದಲು ಭೂವಿಜ್ಞಾನ ಬಲ್ಲವರಿಗೆ ತೋರಿಸಬೇಕು. ಅವರು ಜೇಡಿಯನ್ನು ನೀರಲ್ಲಿ ಕರಗಿಸಿ ಸಣ್ಣ ಜರಡಿಯಲ್ಲಿ ತೊಳೆಯುತ್ತಾರೆ, ಉಳಿದ ಕಾಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಆರಿಸುತ್ತಾರೆ. ಹಲ್ಲು, ಹುರುಪೆ ಸಿಗುವುದು ಅಲ್ಲೇ.