ಗಾಡಿ ಕಳಿಸ್ತಾರಂತೆ, ಅಡ್ವಾನ್ಸ್ ಕೊಡ್ಲಾ?

ಸೋಮವಾರ ಓಪಿಡಿ ಶುರುವಾಗೋ ಮುಂಚೆಯೇ ಇಬ್ಬರು ಬಂದು ಕೂತಿದ್ದರು. ಅತ್ತಿಗೆ, ಮೈದುನ. ರೋಗಿ ಮಾತ್ರ ಬಂದಿರಲಿಲ್ಲ. ಪೀಣ್ಯದಲ್ಲಿ ಲೇತ್ ಕೆಲಸ, ಮೂರು ತಿಂಗಳಿಂದ ಆ ಕಡೆ ತಲೆ ಹಾಕಿಲ್ಲ. ಬೆಳಿಗ್ಗೆ ಎದ್ದು ಒಂದು ತೊಂಬತ್ತು ಎಣ್ಣೆ ಒಳಗೆ ಹೋಗದಿದ್ದರೆ ಕಾಫಿ ಲೋಟ ಹಿಡಿಯೋಕಾಗಲ್ಲ, ಕೈ ಅಷ್ಟು ನಡುಗುತ್ತೆ.

"ಮೇಡಂ, ಕುಡಿತ ಬಿಡಿಸೋ ಒಂದು ಸೆಂಟರ್‌ನವರು ಗಾಡಿ ಕಳಿಸ್ತಾರಂತೆ" ಅಂದರು ಮೈದುನ. "ನಾಲ್ಕು ಜನ ಬಂದು ಎತ್ಕೊಂಡು ಹೋಗ್ತಾರಂತೆ. ಆರು ತಿಂಗಳ ಪ್ಯಾಕೇಜು. ಮೊದಲ ಎರಡು ತಿಂಗಳು ನಾವು ನೋಡೋ ಹಾಗೂ ಇಲ್ಲ, ಫೋನೂ ಇಲ್ಲ. ಅಡ್ವಾನ್ಸ್ ಕೊಡ್ಲಾ?"

ಈ ಊರಿನ ಯಾವ ಮನೋವೈದ್ಯರನ್ನು ಕೇಳಿದರೂ ಈ ಗಾಡಿ ಕಥೆ ಗೊತ್ತಿರುತ್ತದೆ. ನಾನು ಬೈಯಲಿಲ್ಲ. ಆ ಹೆಂಗಸು ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಗಿತ್ತೋ. ಅಡ್ವಾನ್ಸ್ ಮಾತ್ರ ಕೊಡಬೇಡಿ ಅಂದೆ.

ಕುಡಿತ ಕೆಟ್ಟ ಚಟ, ನಾಲ್ಕು ಏಟು ಬಿಟ್ಟರೆ ಸರಿಹೋಗುತ್ತೆ ಅನ್ನೋದು ಹಳೇ ಲೆಕ್ಕ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬೇರೆ ಲೆಕ್ಕ ಹಾಕಿದೆ. ಕುಡಿತ ಮತ್ತು ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳನ್ನೂ ಅದು ಮಾನಸಿಕ ಕಾಯಿಲೆಯ ಜೊತೆಗೇ ಸೇರಿಸಿದೆ. ಅಂದರೆ ಕುಡಿತ ಬಿಡಿಸುವ ಸೆಂಟರ್ ಕೂಡ ಈ ಕಾನೂನಿನ ಕೆಳಗೇ ಬರಬೇಕು. ಕಾಯ್ದೆ ಕೇಂದ್ರದ್ದು, ನಡೆಸೋ ಕೆಲಸ ರಾಜ್ಯದ್ದು. ನಮ್ಮಲ್ಲಿ ಅದಕ್ಕೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಇದೆ. ಅಲ್ಲಿ ನೋಂದಣಿ ಇಲ್ಲದೆ ಇಂಥವರನ್ನು ಒಳಗಿಟ್ಟುಕೊಳ್ಳೋ ಹಾಗಿಲ್ಲ. ಆದರೆ ಮೊದಲ ಸಲ ಸಿಕ್ಕಿಬಿದ್ದರೆ ದಂಡ 5 ಸಾವಿರದಿಂದ 50 ಸಾವಿರ ರೂಪಾಯಿ. ಒಂದು ಪ್ಯಾಕೇಜಿನಲ್ಲೇ ಹುಟ್ಟೋ ದುಡ್ಡು ಅದು! ಕಾಯ್ದೆಯ ಈ ಭಾಗ ಓದಿದಾಗಲೆಲ್ಲ ನನಗೆ ನಗು ಬರುತ್ತದೆ.

ಮನೆಯವರು "ಕಾನೂನು ಯಾಕೆ ಅಡ್ಡ ಬರುತ್ತೆ?" ಅಂತ ಕೇಳ್ತಾರೆ. ಕೆಲವು ವರ್ಷದ ಹಿಂದೆ ಊರಾಚೆಯ ಒಂದು ಸೆಂಟರ್‌ನವರು ರಾತ್ರಿ ಒಬ್ಬರನ್ನು ನಮ್ಮಲ್ಲಿಗೆ ತಂದರು. ಸೇರಿಸಿ ಮೂರನೇ ದಿನ. ಮಣಿಕಟ್ಟಿನ ಸುತ್ತ ಹಗ್ಗದ ಗುರುತು. ನಾಲಿಗೆ ಕಚ್ಚಿಕೊಂಡು ರಕ್ತ. ಗೋಡೆ ಮೇಲೆ ಇಲ್ಲದ ಹುಳಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. "ಗಲಾಟೆ ಮಾಡ್ತಿದ್ರು, ಕಟ್ಟಿಹಾಕಿದ್ವಿ" ಅಂದರು ತಂದವರು. ಅದು ಗಲಾಟೆ ಅಲ್ಲ, ಸನ್ನಿ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಸನ್ನಿ ಹಿಡಿಯಬಹುದು, ನೋಡಿಕೊಳ್ಳದಿದ್ದರೆ ಜೀವವೇ ಹೋಗಬಹುದು. ಇದಕ್ಕೆ ಬೇಕಾದ್ದು ಡಯಾಜೆಪಾಮ್, ಲೊರಾಜೆಪಾಮ್‌ನಂಥ ಮಾತ್ರೆ, ಇಂಜೆಕ್ಷನ್. ಗ್ಲೂಕೋಸ್ ಹಾಕೋ ಮುಂಚೆ ಥಯಮಿನ್, ಅಂದರೆ ಬಿ1 ವಿಟಮಿನ್. ಹಗ್ಗ ಅಲ್ಲ. ಸರಪಳಿ ಹಾಕೋದನ್ನಂತೂ ಕಾಯ್ದೆ ಯಾವ ರೂಪದಲ್ಲೂ ಒಪ್ಪಲ್ಲ.

ಹಾಗಂತ ರೋಗಿ ಬೇಡ ಅಂದರೆ ಮನೆಯವರು ಕೈಕಟ್ಟಿ ಕೂರಬೇಕಾ? ಇಲ್ಲ. ಒಪ್ಪದವರನ್ನು ಸೇರಿಸೋಕೆ ಅಂತಲೇ ಕಾಯ್ದೆಯಲ್ಲಿ 89ನೇ ಸೆಕ್ಷನ್ ಇದೆ. ಆದರೆ ಸುಮ್ನೆ ಕುಡೀತಾರೆ ಅನ್ನೋದು ಸಾಲಲ್ಲ. ಕಾಯಿಲೆ ಜೋರಾಗಿದ್ದು, ತನಗೆ ತಾನೇ ಅಪಾಯ ಮಾಡಿಕೊಳ್ಳುತ್ತಿರಬೇಕು, ಇಲ್ಲವೇ ಬೇರೆಯವರ ಮೇಲೆ ಕೈ ಮಾಡುತ್ತಿರಬೇಕು, ಇಲ್ಲವೇ ಊಟ ನೀರಿನ ಗಮನವೂ ಇಲ್ಲದೆ ಬಿದ್ದಿರಬೇಕು. ರೋಗಿಯ ಪ್ರತಿನಿಧಿ, ಅಂದರೆ ಅವರ ಪರವಾಗಿ ಮಾತಾಡುವವರು, ಅರ್ಜಿ ಕೊಡಬೇಕು. ಮನೋವೈದ್ಯರೊಬ್ಬರು, ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ಡಾಕ್ಟರು, ಇಬ್ಬರೂ ಬೇರೆಬೇರೆಯಾಗಿ ನೋಡಿ ಹೌದು ಅನ್ನಬೇಕು. ಆಮೇಲೂ 30 ದಿನ ಮಾತ್ರ. ಸೇರಿಸಿದ 7 ದಿನದೊಳಗೆ, ಇಂಥ ಅಡ್ಮಿಷನ್ ಸರಿಯೇ ಅಂತ ನೋಡೋ ಪರಿಶೀಲನಾ ಮಂಡಳಿಗೆ ತಿಳಿಸಬೇಕು, ಹೆಂಗಸರು ಮತ್ತು ಮಕ್ಕಳಾದರೆ 3 ದಿನದೊಳಗೆ. 30 ದಿನ ದಾಟಬೇಕಾದರೆ ಇಬ್ಬರು ಮನೋವೈದ್ಯರು ನೋಡಬೇಕು, ಮಂಡಳಿ ಒಪ್ಪಬೇಕು. ಈಗ ಹೇಳಿ, ಆರು ತಿಂಗಳ ಪ್ಯಾಕೇಜು ಎಲ್ಲಿಂದ ಬಂತು?

ಹಾಗಂತ ಈ ಕಾಯ್ದೆ ಹೆಂಡತಿಯರಿಗೆ ಸಲೀಸಾಗಿದೆ ಅಂತ ನಾನು ಹೇಳಲ್ಲ. ಹಗಲು ನೆಟ್ಟಗೆ ಮಾತಾಡಿ, ರಾತ್ರಿ ಸಂಬಳವೆಲ್ಲ ಬಾರ್‌ಗೆ ಸುರಿದು ಬರುವ ಗಂಡ "ನಂಗೇನಾಗಿದೆ?" ಅಂದರೆ ನನ್ನ ಕೈಯೂ ಕಟ್ಟಿರುತ್ತದೆ. ಆಗ ಚಿಕಿತ್ಸೆಗಿಂತ ಮಾತೇ ಜಾಸ್ತಿ ಬೇಕಾಗುತ್ತದೆ.

ಮೈದುನ ಅಷ್ಟಕ್ಕೇ ಬಿಡಲಿಲ್ಲ. "ಊಟದಲ್ಲಿ ಬೆರೆಸೋ ಪುಡಿ ಇದ್ಯಲ್ಲ, ಆಟೋ ಹಿಂದೆ ನಂಬರ್ ಹಾಕಿರ್ತಾರಲ್ಲ, ಕುಡಿಯೋರಿಗೆ ಗೊತ್ತೇ ಆಗಲ್ವಂತೆ?" ಆ ಪುಡಿಯಲ್ಲಿ ಏನಿದೆ ಅಂತ ಹೇಳೋರು ಯಾರು? ಎಷ್ಟೋ ಸಲ ಎಣ್ಣೆ ಜೊತೆ ಸೇರಿದರೆ ಮೈಗೆ ಆಗದ ಡೈಸಲ್ಫಿರಾಮ್ ಮಾತ್ರೆಯನ್ನೇ ಹೀಗೆ ಕದ್ದು ಬೆರೆಸ್ತಾರೆ. ಅದನ್ನು ಗೊತ್ತಿದ್ದು, ಒಪ್ಪಿ ತಗೊಂಡವರು ಎಣ್ಣೆ ಮುಟ್ಟಲ್ಲ. ಗೊತ್ತಿಲ್ಲದವರು ಮುಟ್ಟುತ್ತಾರೆ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿಪಿ ಇಳಿದು ಐಸಿಯು ಸೇರಬೇಕಾಗಬಹುದು.

ಇನ್ಶೂರೆನ್ಸ್ ವಿಷಯ ಒಂದೇ ಮಾತಲ್ಲಿ ಮುಗಿಸ್ತೀನಿ. ಮೈಯ ಕಾಯಿಲೆಗೆ ಕೊಟ್ಟ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ ಕಾಯ್ದೆಯಲ್ಲಿದೆ, ಆದರೆ ಪಾಲಿಸಿಗಳಲ್ಲಿ ಕೊಡದೇ ಇರೋ ಪಟ್ಟಿಯಲ್ಲಿ ಕುಡಿತ, ಡ್ರಗ್ಸ್ ಚಿಕಿತ್ಸೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಗಾಂಜಾ ಸೇದುವ ಕಾಲೇಜು ಹುಡುಗರ ಅಪ್ಪ ಅಮ್ಮ ಬೇರೆಯದೇ ಕೇಳ್ತಾರೆ, ಪೊಲೀಸರಿಗೆ ತಿಳಿಸ್ತೀರಾ ಅಂತ. ಇಲ್ಲ. ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತಲೇ ಕಾಯ್ದೆ ಹೇಳುತ್ತದೆ. ಡ್ರಗ್ಸ್ ತಗೊಂಡ ಕೇಸಿದ್ದರೂ, ವ್ಯಸನ ಹಿಡಿದವರು ತಾವಾಗಿ ಬಂದು ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡರೆ, ಡ್ರಗ್ಸ್ ವಿರುದ್ಧದ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿದ್ದು ನಮ್ಮ ನಿಮ್ಹಾನ್ಸ್‌ನವರೇ. ಕುಡಿತದ ಕಾಯಿಲೆ ಇರುವ ನೂರರಲ್ಲಿ ಸುಮಾರು 86 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಗಾಡಿ ಓಡುವುದು ಆ ಖಾಲಿ ಜಾಗದಲ್ಲೇ. ಹೆಚ್ಚಿನವರನ್ನು ಅಡ್ಮಿಟ್ ಮಾಡೋದೇ ಬೇಕಿಲ್ಲ ಅನ್ನೋದೂ ಜನಕ್ಕೆ ಗೊತ್ತಿಲ್ಲ. ಎಲ್ಲಿಗೆ ಹೋಗೋದು ಅಂತ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಾಲ್ಲೂಕುಗಳ ಕಡೆಯವರಿಗೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್‌ಗಳಿವೆ.

ಪೀಣ್ಯದವರು ಗುರುವಾರ ಬಂದರು. ಕುಡಿತ ಬಿಡಿಸೋಕೆ ಅಂತ ಹೇಳಬೇಡಿ, ಕೈ ನಡುಕಕ್ಕೂ ನಿದ್ದೆಗೂ ಡಾಕ್ಟರು ಔಷಧಿ ಕೊಡ್ತಾರೆ ಅಂತ ಹೇಳಿ ಅಂದಿದ್ದೆ. ಅದು ಸುಳ್ಳೂ ಅಲ್ಲ, ಅವರಿಗೆ ಬೇಕಾಗಿದ್ದದ್ದೂ ಅದೇ. ನಡುಕ ನೋಡಿ ಹತ್ತು ದಿನ ಇರಿ ಅಂದೆ, ತಾವೇ ಸೈನ್ ಮಾಡಿ ಸೇರಿದರು.

ಡಿಸ್ಚಾರ್ಜ್ ದಿನ ಒಂದು ಬಿಳಿ ಹಾಳೆ ಕೊಟ್ಟೆ. ಮುಂದೆ ನಿಮಗೆ ನಿರ್ಧಾರ ಮಾಡೋಕಾಗದಿದ್ದರೆ ನಿಮ್ಮ ಪರವಾಗಿ ಯಾರು ಮಾತಾಡಬೇಕು, ಬರೆದು ಸೈನ್ ಮಾಡಿ ಅಂದೆ. ಪ್ರತಿನಿಧಿಯನ್ನು ಆರಿಸೋಕೆ ಕಾಯ್ದೆ ಕೇಳೋದು ಇಷ್ಟೇ, ಛಾಪಾ ಕಾಗದ ಬೇಡ. ಅಕ್ಷರ ಇನ್ನೂ ಸ್ವಲ್ಪ ಅಲುಗಾಡುತ್ತಿತ್ತು. ಹೆಂಡತಿ ಹೆಸರು ಬರೆದರು.

ತಮ್ಮ ಬಗ್ಗಿ ನೋಡಿದರು. "ನನ್ನ ಹೆಸರು ಯಾಕಿಲ್ಲ, ಅಣ್ಣಾ?"

"ನೀನು ಗಾಡಿ ಕರೆಸ್ತೀಯ" ಅಂದರು.