ಲಿಂಡಾ ಪೆರ್ರಿ ಗಾಯಕಿಯಾಗಿ ಸೋತಿದ್ದಕ್ಕೇ ಪ್ರೊಡ್ಯೂಸರ್ ಆದರಾ?

ಪ್ರಶ್ನೆ: 'ವಾಟ್ಸ್ ಅಪ್?' ಹಾಡಿದ ಲಿಂಡಾ ಪೆರ್ರಿ ಆಮೇಲೆ ಯಾಕೆ ಹಾಡಲಿಲ್ಲ? ಗಾಯನ ಕೈಹಿಡಿಯಲಿಲ್ಲ ಅಂತ ಬೇರೆಯವರಿಗೆ ಹಾಡು ಬರೆಯೋಕೆ ಹೋದರಾ?

ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಮೊದಲ ಭಾಗದ್ದು ಸುಲಭ. ಹಾಡಿದ್ದಾರೆ. 1996ರಲ್ಲಿ 'ಇನ್ ಫ್ಲೈಟ್' ಎಂಬ ಸೋಲೋ ಆಲ್ಬಂ ಬಂತು. ಹೆಚ್ಚು ಜನ ಕೇಳಲಿಲ್ಲ, ಅಷ್ಟೆ.

ಎರಡನೇ ಭಾಗ ಮಾತ್ರ ಪೂರ್ತಿ ತಪ್ಪು. ಸುಮ್ನೆ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. 1993ರಲ್ಲಿ, ಪೆರ್ರಿ ಹಾಡುತ್ತಿದ್ದ 'ಫೋರ್ ನಾನ್ ಬ್ಲಾಂಡ್ಸ್' ಬ್ಯಾಂಡಿನ 'ವಾಟ್ಸ್ ಅಪ್?' ಹಾಡು ಯುರೋಪಿನ ಹಲವು ದೇಶಗಳಲ್ಲಿ ನಂಬರ್ ಒನ್. ಅಮೆರಿಕದಲ್ಲಿ 14ನೇ ಸ್ಥಾನ. ಮರುವರ್ಷವೇ, ಎರಡನೇ ಆಲ್ಬಮ್ಮಿನ ಕೆಲಸ ನಡೆಯುತ್ತಿರುವಾಗ, ಪೆರ್ರಿ ಬ್ಯಾಂಡ್ ಬಿಟ್ಟರು. ಯಾರೂ ಹೊರಗೆ ಹಾಕಲಿಲ್ಲ. ಗೆಲ್ಲುತ್ತಿರುವಾಗ ತಾವಾಗಿ ಎದ್ದು ಹೋದವರನ್ನು ಸೋತವರು ಅಂತ ಹೇಗೆ ಕರೆಯೋದು?

ಇನ್ನೂ ಮುಖ್ಯವಾದದ್ದು ಬೇರೆ ಇದೆ. ಬ್ಯಾಂಡಿನ ಮೊದಲ ಆಲ್ಬಮ್ಮಿನ ಸೌಂಡ್ ಅವರಿಗೆ ಹಿಡಿಸಿರಲಿಲ್ಲ. 'ವಾಟ್ಸ್ ಅಪ್?' ಅನ್ನು ಮತ್ತೆ ಸ್ಟುಡಿಯೋಗೆ ಹೋಗಿ ಹೊಸದಾಗಿ ರೆಕಾರ್ಡ್ ಮಾಡಿಸಿದ್ದು ತಾನೇ, ಪ್ರೊಡ್ಯೂಸರ್ (ರೆಕಾರ್ಡಿಂಗ್ ಹೇಗಿರಬೇಕೆಂದು ನಿರ್ಧರಿಸಿ ಮಾಡಿಸುವವರು) ಅಂತ ಹೆಸರು ಮಾತ್ರ ಬೇರೆಯವರದ್ದು ಬಿತ್ತು ಎಂದು ಪೆರ್ರಿ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅಂದರೆ ಅವರಿಗೆ ಗಾಯಕಿ ಅಂತ ಹೆಸರು ತಂದ ಹಾಡಿನಲ್ಲೇ ಪ್ರೊಡ್ಯೂಸರ್ ಕೂಡ ಇದ್ದರು! ಸೋಲೋ ಆಲ್ಬಮ್ಮಿಗಿಂತ ಮೂರ್ನಾಲ್ಕು ವರ್ಷ ಮೊದಲೇ.

ಆಮೇಲೆ ಬೇರೆಯವರಿಗೆ ಬರೆದದ್ದನ್ನು ನೋಡಿ. 2001ರಲ್ಲಿ ಗಾಯಕಿ ಪಿಂಕ್ ಹಾಡಿದ 'ಗೆಟ್ ದ ಪಾರ್ಟಿ ಸ್ಟಾರ್ಟೆಡ್' ಅನ್ನು ಪೆರ್ರಿ ಒಬ್ಬರೇ ಬರೆದರು. 2002ರಲ್ಲಿ ಕ್ರಿಸ್ಟಿನಾ ಅಗುಲೆರಾ ಅವರ 'ಬ್ಯೂಟಿಫುಲ್' ಬಂತು. ಅದನ್ನು ಬರೆದು ಪ್ರೊಡ್ಯೂಸ್ ಮಾಡಿದ್ದೂ ಇವರೇ. ಆ ಹಾಡಿನ ಶುರುವಿನಲ್ಲಿ 'ನನ್ನ ಕಡೆ ನೋಡಬೇಡ' ಎಂದು ಪಿಸುಗುಟ್ಟಿದ್ದು ಕೇಳಿಸುತ್ತದೆ, ಅಲ್ವಾ? ಅದು ಸಾಹಿತ್ಯವಲ್ಲ. ಸ್ಟುಡಿಯೋದಲ್ಲಿದ್ದ ಗೆಳತಿಗೆ ಅಗುಲೆರಾ ಹೇಳಿದ ಮಾತು. ಮೊದಲ ಸಲ ಹಾಡಿದ್ದು ಒರಟಾಗಿದೆ, ಮತ್ತೆ ಹಾಡುತ್ತೇನೆ ಎಂದು ಅಗುಲೆರಾ ಪಟ್ಟು ಹಿಡಿದರು. ಪೆರ್ರಿ ಒಪ್ಪಲಿಲ್ಲ. ಆ ಅಳುಕು ಇರೋದರಿಂದಲೇ ಹಾಡು ಮನಸ್ಸಿನಲ್ಲಿ ಉಳಿಯುತ್ತದೆ ಎಂದು ಅದನ್ನೇ ಉಳಿಸಿಕೊಂಡರು. ಯಾವ ಟೇಕ್ (ಒಂದು ಸಲ ಹಾಡಿ ರೆಕಾರ್ಡ್ ಮಾಡಿದ್ದು) ಇಟ್ಟುಕೊಳ್ಳಬೇಕು ಅಂತ ಗೊತ್ತಿರೋದು ದೊಡ್ಡ ವಿದ್ಯೆ. ಮೈಕಿನ ಮುಂದೆ ತಾನೇ ನಿಂತು ಹಾಡಿದವರಿಗೆ ಅದು ಬೇಗ ಒಲಿಯುತ್ತದೆ ಅಂತ ನನ್ನ ನಂಬಿಕೆ.

ಹಾಗಾದರೆ ಬರೆದುಕೊಟ್ಟವರಿಗೆ ಸಿಗೋದೇನು? ಅಮೆರಿಕದಲ್ಲಿ ಎಎಂ, ಎಫ್‌ಎಂ ರೇಡಿಯೋದಲ್ಲಿ ಹಾಡು ಬಂದರೆ ರಾಯಲ್ಟಿ ಹೋಗುವುದು ಬರೆದವರಿಗೆ ಮತ್ತು ಅವರ ಪಬ್ಲಿಷರ್‌ಗೆ, ಅಂದರೆ ಹಾಡಿನ ಹಕ್ಕು ನೋಡಿಕೊಳ್ಳುವ ಕಂಪನಿಗೆ. ಹಾಡಿದವರಿಗೆ ಅದರಲ್ಲಿ ಪಾಲಿಲ್ಲ. ಉಪಗ್ರಹ ರೇಡಿಯೋ, ಇಂಟರ್ನೆಟ್ ರೇಡಿಯೋಗಳಲ್ಲಿ ಮಾತ್ರ ಗಾಯಕರಿಗೂ ಪಾಲು ಬರುತ್ತದೆ.