ಚಾರಿಜಾರ್ಡ್ ಒಂದೇ ಸಾಕಾಗಲ್ವಾ?

ಪ್ರಶ್ನೆ: ಪೊಕೆಮಾನ್ ಫೈರ್‌ರೆಡ್ ಆಡುತ್ತಿದ್ದೇನೆ. ನನ್ನ ಚಾರಿಜಾರ್ಡ್ ಲೆವೆಲ್ 62, ಉಳಿದ ಐದೂ 30ರ ಆಸುಪಾಸು. ಎಂಟು ಬ್ಯಾಡ್ಜ್ ಆರಾಮಾಗಿ ಬಂತು. ಕೊನೆಗೆ ಸಾಲಾಗಿ ಎದುರಾಗುವ ಆ ನಾಲ್ವರು, ಎಲೀಟ್ ಫೋರ್, ಅಲ್ಲಿ ಮಾತ್ರ ಪ್ರತಿ ಸಲ ಸೋಲು. ಟೀಮ್ ಬ್ಯಾಲೆನ್ಸ್ ಮಾಡು ಅಂತಾರೆ ಎಲ್ಲರೂ. ಹಾಗಂದ್ರೆ ಆರು ಬೇರೆ ಬೇರೆ ಟೈಪ್ (ಬೆಂಕಿ, ನೀರು, ಹೀಗೆ) ಇಟ್ಟುಕೊಳ್ಳೋದಾ?

ಉತ್ತರ: ಆರು ಟೈಪ್ ಇಟ್ಟುಕೊಂಡೂ ಸೋಲಬಹುದು. ಟೀಮ್ ಮಾಡುವಾಗ ನಾನು ಕೇಳಿಕೊಳ್ಳುವುದು ಒಂದೇ: ಇದಕ್ಕೆ ಏಟು ಬೀಳುವ ಹೊತ್ತಿಗೆ ಯಾವುದನ್ನು ಒಳಗೆ ಕಳಿಸಲಿ?

ನಿಮ್ಮ ಚಾರಿಜಾರ್ಡನ್ನೇ ನೋಡೋಣ. ಅದು ಫೈರ್, ಜೊತೆಗೆ ಫ್ಲೈಯಿಂಗ್. ರಾಕ್ ಏಟು ಎರಡಕ್ಕೂ ದುಪ್ಪಟ್ಟು, ಒಟ್ಟು ನಾಲ್ಕು ಪಟ್ಟು. ರಾಕ್ ಸ್ಲೈಡ್‌ನ ಬಲ 75. ಹೊಡೆಯುವ ಪೊಕೆಮಾನ್ ಕೂಡ ರಾಕ್ ಟೈಪ್ ಆಗಿದ್ದರೆ ಅದಕ್ಕೆ ಒಂದೂವರೆ ಪಟ್ಟು. ಎಲ್ಲ ಗುಣಿಸಿದರೆ 450. ಲೆವೆಲ್ 62 ಇದ್ದರೂ ಇದನ್ನು ತಡೆದುಕೊಳ್ಳೋದು ಕಷ್ಟ. ಎಲೀಟ್ ಫೋರ್‌ನ ಬ್ರೂನೋ ಹತ್ತಿರ ಎರಡು ಓನಿಕ್ಸ್ ಇವೆ, ಲ್ಯಾನ್ಸ್ ಹತ್ತಿರ ಏರೋಡ್ಯಾಕ್ಟಿಲ್. ಎಲ್ಲವೂ ರಾಕ್ ಟೈಪೇ.

ಇನ್ನೊಂದು ಲೆಕ್ಕ ಜಾಸ್ತಿ ಜನ ಹಾಕಲ್ಲ. ನಾಲ್ವರು ಮತ್ತು ಅವರ ನಂತರ ಬರುವ ಚಾಂಪಿಯನ್ ಸೇರಿ ನೀವು ಬೀಳಿಸಬೇಕಾದ ಪೊಕೆಮಾನ್ 26. ಮಧ್ಯೆ ಚೇತರಿಸಿಕೊಳ್ಳೋಕೆ ಪೊಕೆಮಾನ್ ಸೆಂಟರ್ ಇಲ್ಲ. ಚಾರಿಜಾರ್ಡ್‌ನ ಬೆಂಕಿ ಏಟು ಫ್ಲೇಮ್‌ಥ್ರೋವರ್‌ಗೆ ಇರುವುದು 15 ಪಿಪಿ, ಅಂದರೆ 15 ಸಲ ಮಾತ್ರ!

ಹಾಗಾಗಿ ಚಾರಿಜಾರ್ಡ್ ಪಕ್ಕಕ್ಕೆ ಡಗ್‌ಟ್ರಿಯೋ ಇಡಿ. ಗ್ರೌಂಡ್ ಟೈಪ್ ಆದ್ದರಿಂದ ಅದಕ್ಕೆ ಎಲೆಕ್ಟ್ರಿಕ್ ತಾಗುವುದೇ ಇಲ್ಲ, ರಾಕ್ ಅರ್ಧ ಮಾತ್ರ. ಪೀಚು ಮೈ, ನಿಜ. ಹೆಚ್ಚು ಹೊತ್ತು ನಿಲ್ಲಲ್ಲ, ಆದರೆ ಮೊದಲು ಹೊಡೆಯುತ್ತೆ. ಮೂರನೆಯದು ಎಲೆಕ್ಟ್ರಿಕ್ ಟೈಪ್‌ನ ಜೋಲ್ಟಿಯಾನ್. ಸೆಲಡಾನ್ ಊರಲ್ಲಿ ಪುಕ್ಕಟೆ ಸಿಗುವ ಈವೀಗೆ ಥಂಡರ್ ಸ್ಟೋನ್ ಕೊಟ್ಟರಾಯಿತು. ಅದಕ್ಕಿರುವ ಭಯ ಗ್ರೌಂಡ್ ಒಂದೇ. ಎದುರಾಳಿ ಅರ್ಥ್‌ಕ್ವೇಕ್ (ಗ್ರೌಂಡ್ ಏಟು) ಹಾಕುವ ಹೊತ್ತಿಗೆ ಹಾರುವ ಚಾರಿಜಾರ್ಡನ್ನು ಒಳಗೆ ಕರೆದರೆ ಆ ಏಟು ಸುಮ್ನೆ ಹಾಳು. ಡಗ್‌ಟ್ರಿಯೋ ಹೆದರುವ ನೀರು, ಐಸ್ ಎರಡಕ್ಕೂ ಲ್ಯಾಪ್ರಸ್ ಇದೆ, ಅದು ಸ್ವತಃ ನೀರು ಮತ್ತು ಐಸ್ ಟೈಪ್. ಸಿಲ್ಫ್ ಕಂಪನಿಯಲ್ಲಿ ಪುಕ್ಕಟೆ ಕೊಡುತ್ತಾರಲ್ಲ, ಅದೇ. ಟೀಮ್ ತುಂಬಿದ್ದಾಗ ತಗೊಂಡಿದ್ದರೆ ಇನ್ನೂ ಬಾಕ್ಸ್‌ನಲ್ಲೇ ಕೂತಿರಬೇಕು, ನೋಡಿ. ಹೀಗೆ ಒಂದಕ್ಕೊಂದು ಬೆನ್ನು ಕಾಯುವ ನಾಲ್ಕು ಸಿಕ್ಕವು. ಐದನೆಯದಕ್ಕೆ ಸೈಕಿಕ್ ಟೈಪ್‌ನ ಕಡಾಬ್ರಾ, ಆರನೆಯದಕ್ಕೆ ದಾರಿಗೆ ಅಡ್ಡ ಮಲಗಿರುತ್ತಲ್ಲ, ಆ ಸ್ನೋರ್ಲ್ಯಾಕ್ಸ್. ಅದನ್ನು ಹೊಡೆದು ಓಡಿಸಿಲ್ಲ ತಾನೇ?

ಈಗ ಎಲೀಟ್ ಫೋರ್ ಒಳಗೆ ಹೋಗೋಣ. ಮೊದಲನೆಯವಳು ಲೊರೆಲೈ. ಐಸ್ ಗುರು ಅಂತ ಹೆಸರು, ಆದರೆ ಐದರಲ್ಲಿ ನಾಲ್ಕು ನೀರಿನವೇ. ಅವು ಜೋಲ್ಟಿಯಾನ್ ಪಾಲು, ಉಳಿದ ಜಿಂಕ್ಸ್ ಚಾರಿಜಾರ್ಡ್‌ಗೆ. ಬ್ರೂನೋನ ಓನಿಕ್ಸ್‌ಗಳಿಗೆ ಲ್ಯಾಪ್ರಸ್‌ನ ಸರ್ಫ್, ಉಳಿದ ಪೈಲ್ವಾನರಿಗೆ ಕಡಾಬ್ರಾ.

ಮೂರನೆಯವಳಾದ ಅಗಾಥಾ ಹತ್ತಿರ ನಾನೇ ಒಂದ್ಸಲ ಪೆಚ್ಚಾಗಿದ್ದೆ. ಅವಳ ಗೆಂಗಾರ್ ಗೋಸ್ಟ್ ಜೊತೆಗೆ ಪಾಯಿಸನ್ ಟೈಪ್, ಪಾಯಿಸನ್‌ಗೆ ಗ್ರೌಂಡ್ ದುಪ್ಪಟ್ಟು ಅಂತ ಖುಷಿಯಿಂದ ಡಗ್‌ಟ್ರಿಯೋ ಕೈಲಿ ಅರ್ಥ್‌ಕ್ವೇಕ್ ಹಾಕಿಸಿದೆ. ಗೆಂಗಾರ್‌ಗೆ ಲೆವಿಟೇಟ್ ಇದೆ, ಅಂದರೆ ತೇಲುತ್ತಲೇ ಇರುತ್ತೆ, ತಾಗಲೇ ಇಲ್ಲ. ಅಲ್ಲಿ ಕೆಲಸಕ್ಕೆ ಬರೋದು ಸ್ನೋರ್ಲ್ಯಾಕ್ಸ್. ನಾರ್ಮಲ್ ಟೈಪ್‌ಗೆ ಗೋಸ್ಟ್ ಏಟು ತಾಗಲ್ಲ. ಅದರ ನಾರ್ಮಲ್ ಏಟೂ ಗೋಸ್ಟ್‌ಗೆ ತಾಗಲ್ಲ, ಅದಕ್ಕೇ ಗೋಸ್ಟ್ ಏಟಾದ ಶ್ಯಾಡೋ ಬಾಲ್ ಕಲಿಸಬೇಕು. ಈ ಆಟದಲ್ಲಿ ಗೋಸ್ಟ್ ಏಟುಗಳೆಲ್ಲ ಅಟ್ಯಾಕ್ ಅಂಕಿಯ ಮೇಲೆ ನಡೆಯುತ್ತವೆ. ಟೈಪ್ ನೋಡದೆ ಪ್ರತಿ ಏಟಿಗೂ ಅಟ್ಯಾಕೋ ಸ್ಪೆಷಲ್ ಅಟ್ಯಾಕೋ ಅಂತ ಬೇರೆ ಲೆಕ್ಕ ಬಂದದ್ದು 2006ರ ಡೈಮಂಡ್, ಪರ್ಲ್‌ನಿಂದ. ಹಾಗಾಗಿ ಅಟ್ಯಾಕ್ ಜಾಸ್ತಿ ಇರುವ ಈ ಸೋಮಾರಿ ಕೈಲಿ ಶ್ಯಾಡೋ ಬಾಲ್ ಜೋರಾಗಿಯೇ ಬೀಳುತ್ತೆ.

ಕೊನೆಯ ಲ್ಯಾನ್ಸ್‌ಗೆ ಐಸ್ ಬೀಮ್ ಇರುವ ಲ್ಯಾಪ್ರಸ್. ಅವನ ಡ್ರಾಗನೈಟ್ ಡ್ರಾಗನ್ನೂ ಹೌದು, ಫ್ಲೈಯಿಂಗೂ ಹೌದು, ಐಸ್ ನಾಲ್ಕು ಪಟ್ಟು. ಮೊದಲು ಬರುವ ಗ್ಯಾರಡೋಸ್‌ಗೆ ಜೋಲ್ಟಿಯಾನ್, ಅಲ್ಲೂ ನಾಲ್ಕು ಪಟ್ಟು.

ಆದರೆ ಲೆವೆಲ್ 30ರ ಲ್ಯಾಪ್ರಸ್ ಇದನ್ನೆಲ್ಲ ಮಾಡಲ್ಲ. ಆ ಡ್ರಾಗನೈಟ್ ಲೆವೆಲ್ 60. ಉಳಿದ ಐದನ್ನೂ 50ರ ಹತ್ತಿರ ತರಲೇಬೇಕು. ಹೊಸ ಆಟಗಳಂತೆ ಇಲ್ಲಿ ಎಲ್ಲರಿಗೂ ಅನುಭವ ಹಂಚಿಕೆ ಆಗಲ್ಲ, ಕಣಕ್ಕೆ ಇಳಿದವಕ್ಕೆ ಮಾತ್ರ. 50 ಬಗೆ ಹಿಡಿದಿದ್ದರೆ ರೂಟ್ 15ರಲ್ಲಿ ಪ್ರೊಫೆಸರ್ ಓಕ್‌ನ ಸಹಾಯಕ ಎಕ್ಸ್‌ಪಿ ಶೇರ್ ಕೊಡುತ್ತಾನೆ, ಅದನ್ನು ಚಿಕ್ಕದರ ಕೈಗೆ ಕೊಡಿ. ಇಲ್ಲದಿದ್ದರೆ ಚಿಕ್ಕದನ್ನು ಮೊದಲು ಇಳಿಸಿ, ಮರುಕ್ಷಣ ಚಾರಿಜಾರ್ಡ್‌ಗೆ ಬದಲಿಸಿ. ವಿಕ್ಟರಿ ರೋಡ್‌ನಲ್ಲಿ ಎರಡು ಸಂಜೆ ಹೀಗೆ ಸುತ್ತಬೇಕಾಗುತ್ತೆ, ಬೇಜಾರಿನ ಕೆಲಸ.

ಮತ್ತೆ, ಮರ ಕಡಿಯೋಕೆ ಅಂತ ಕಟ್ ಕಲಿಸಿದ ರಟಾಟಾ ಇನ್ನೂ ಟೀಮ್‌ನಲ್ಲಿ ಇದೆಯಾ? ಎಲೀಟ್ ಫೋರ್ ಇರುವ ಇಂಡಿಗೋ ಪ್ಲಾಟೋದಲ್ಲೇ ಪೊಕೆಮಾನ್ ಇಡುವ ಪಿಸಿ ಇದೆ. ಲೊರೆಲೈ ಬಾಗಿಲು ದಾಟುವ ಮುಂಚೆ ಅದನ್ನು ಬಾಕ್ಸ್‌ಗೆ ಹಾಕಿಬಿಡಿ.